ಮೆಷಿನ್ ಎರಡಾದರೂ ಕೆಲಸ ಯಾಕೆ ಹಿಂದೆ?

ಪ್ರಶ್ನೆ: ಸರ್, ತೀರ್ಥಹಳ್ಳಿ ಹತ್ತಿರ ನಮ್ಮದು ಅಡಿಕೆ ಸುಲಿದು ಬೇಯಿಸಿ ಕೊಡುವ ಸಣ್ಣ ಘಟಕ. ಸಾಲ ಮಾಡಿ ಎರಡನೇ ಸುಲಿಯುವ ಮೆಷಿನ್ ತಂದರೂ ಸುಗ್ಗಿಯಲ್ಲಿ ಕೆಲಸ ಹಿಂದೆ ಬಿತ್ತು. ಎಂಬಿಎ ಓದಿದ ಮಗ 'ಎಲ್ಲ ಬರೆದಿಡಿ, ಮ್ಯಾನೇಜರ್ ಇಡಿ, ದೇಶ ಮುಂದೆ ಬರೋದೇ ಹೀಗೆ' ಅಂತಾನೆ. ಬರೆದಿಟ್ಟರೆ ದೇಶ ಬೆಳೆಯುತ್ತಾ? ಹೊರಗಿನವರ ಕೈಗೆ ವ್ಯವಹಾರ ಕೊಡಲು ಧೈರ್ಯವೂ ಇಲ್ಲ.

ಉತ್ತರ: ನಿಮ್ಮ ಮಗ ಹೇಳುತ್ತಿರುವುದು ಸರಿ. ಇದನ್ನು ನಮ್ಮ ದೇಶದಲ್ಲೇ ಪರೀಕ್ಷೆ ಮಾಡಿ ನೋಡಿದ್ದಾರೆ. ನಿಕೋಲಸ್ ಬ್ಲೂಮ್ ಮತ್ತು ಜೊತೆಗಾರ ಅರ್ಥಶಾಸ್ತ್ರಜ್ಞರು ಮುಂಬೈ ಸುತ್ತಲಿನ ಬಟ್ಟೆ ಮಿಲ್ಲುಗಳಲ್ಲಿ ಕೆಲವಕ್ಕೆ ಐದು ತಿಂಗಳು ಪುಕ್ಕಟೆ ಸಲಹೆಗಾರರನ್ನು ಕೊಟ್ಟರು, ಉಳಿದವಕ್ಕೆ ಒಂದು ತಿಂಗಳ ತಪಾಸಣೆ ಮಾತ್ರ. ಹೇಳಿಕೊಟ್ಟಿದ್ದೆಲ್ಲ ಸರಳ ವಿಷಯವೇ. ನೂಲಿನ ದಾಸ್ತಾನು ಲೆಕ್ಕ ಇಡಿ, ಬಟ್ಟೆಯಲ್ಲಿ ದೋಷ ಕಂಡರೆ ಬರೆದುಕೊಳ್ಳಿ, ಮಗ್ಗ ಕೆಡುವ ಮೊದಲೇ ರಿಪೇರಿ ನೋಡಿಕೊಳ್ಳಿ. ಸಲಹೆ ಪಡೆದ ಮಿಲ್ಲುಗಳಲ್ಲಿ ಒಂದೇ ವರ್ಷದಲ್ಲಿ ಉತ್ಪಾದಕತೆ ಶೇ. 17ರಷ್ಟು ಏರಿತು, ಮೂರು ವರ್ಷದೊಳಗೆ ಅವುಗಳ ಮಾಲೀಕರು ಹೊಸ ಘಟಕಗಳನ್ನೂ ತೆರೆದರು. ಈ ಅಧ್ಯಯನ ಪ್ರಕಟವಾಗಿದ್ದು 2013ರಲ್ಲಿ. ಇಂಥದ್ದು ಸಾವಿರಾರು ಕಡೆ ಆದರೆ ಅದೇ ದೇಶದ ಬೆಳವಣಿಗೆ ಅಲ್ವಾ?

ನನ್ನನ್ನು ಜಾಸ್ತಿ ಕಾಡಿದ್ದು ಅದರಲ್ಲಿನ ಇನ್ನೊಂದು ಮಾತು. ಹೊರಗಿನವರು ಕದಿಯುತ್ತಾರೆ ಅನ್ನೋ ಭಯಕ್ಕೆ ಮಾಲೀಕರು ಹೊಣೆ ಕೊಡುತ್ತಿದ್ದುದು ಮನೆಯವರಿಗೇ, ಹಾಗಾಗಿ ಮನೆಯಲ್ಲಿ ಎಷ್ಟು ಗಂಡಸರಿದ್ದರೋ ಅಷ್ಟಕ್ಕೇ ವ್ಯಾಪಾರ ನಿಲ್ಲುತ್ತಿತ್ತು. ನಿಮ್ಮ ಕಷ್ಟವೂ ಇದೇ. ಆದರೆ ನಮ್ಮ ಮಲೆನಾಡಿನ ಬೆಳೆಗಾರರು 1939ರಲ್ಲೇ ಮಾಮ್‌ಕೋಸ್ ಅನ್ನೋ ಅಡಿಕೆ ಮಾರಾಟ ಸಹಕಾರ ಸಂಘ ಕಟ್ಟಿಕೊಂಡವರು. ಅಲ್ಲಿ ಅಡಿಕೆ ತೂಗಿ, ರಾಶಿ, ಬೆಟ್ಟೆ, ಗೊರಬಲು ಅಂತ ದರ್ಜೆ ನೋಡಿ ಮಾರಿಕೊಡುವವರು ಬೆಳೆಗಾರರ ನೆಂಟರಲ್ಲ, ಸಂಬಳದ ನೌಕರರು. ತೂಕದ ಚೀಟಿ ಇದೆ, ಲೆಕ್ಕದ ಪುಸ್ತಕ ಇದೆ, ಅದಕ್ಕೇ ಜನ ಮೂಟೆ ಇಳಿಸಿ ನಿಶ್ಚಿಂತೆಯಿಂದ ಮನೆಗೆ ಬರುತ್ತಾರೆ. ಬರವಣಿಗೆ ಇದ್ದಲ್ಲಿ ಹೊರಗಿನವರನ್ನು ನಂಬುವುದು ಅಷ್ಟು ಕಷ್ಟವಲ್ಲ.

ಮ್ಯಾನೇಜರ್ ಮಾತು ಆಮೇಲೆ. ಈ ಸುಗ್ಗಿಗೆ ಮೆಷಿನ್ ಪಕ್ಕ ಒಂದು ನೋಟ್‌ಬುಕ್ ತೂಗುಹಾಕಿ, ನಿಮ್ಮಲ್ಲಿ ಹಳಬರಾದ ಕೆಲಸದವರ ಕೈಗೇ ಪೆನ್ನು ಕೊಡಿ. ಮೆಷಿನ್ ಎಷ್ಟು ಹೊತ್ತು ನಿಂತಿತು, ಯಾಕೆ ನಿಂತಿತು? ಕರೆಂಟ್ ಹೋಯಿತಾ, ಬೆಲ್ಟ್ ಹರಿಯಿತಾ, ಇಲ್ಲ ಸುಲಿದ ಅಡಿಕೆ ಹಂಡೆ ಖಾಲಿಯಾಗಲಿ ಅಂತ ಕಾಯುತ್ತಾ ಕೂತಿತ್ತಾ? ನನ್ನ ಅನುಮಾನ ಹಂಡೆ ಮೇಲೆ. ಸುಲಿಯೋದು ಎರಡರಷ್ಟಾಗಿ, ಬೇಯಿಸೋದು ಮತ್ತು ಒಣಗಿಸೋ ಜಾಗ ಮೊದಲಿನಷ್ಟೇ ಇದ್ದರೆ ಕೆಲಸ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹದಿನೈದು ದಿನದ ಲೆಕ್ಕ ಮಗನ ಜೊತೆ ಕೂತು ನೋಡಿ, ಅಲ್ಲಿವರೆಗೆ ಮೂರನೇ ಮೆಷಿನ್‌ಗೆ ಸಾಲ ಮಾತ್ರ ಮಾಡಬೇಡಿ.