ಮಿಸೆಸ್ ಅಂದರೆ ಮೊದಲು ಹೆಂಡತಿ ಅಂತ ಅರ್ಥ ಇರಲಿಲ್ಲ

ಪ್ರಶ್ನೆ: ಮಗಳು ಏಳನೇ ಕ್ಲಾಸು. ಮೊನ್ನೆ ಮದುವೆ ಕಾರ್ಡು ಓದುತ್ತಾ, "ಅಮ್ಮಾ, ಮಿಸೆಸ್ ಅಂತ ಓದ್ತೀವಿ, ಮಧ್ಯೆ ಆರ್ ಯಾಕಿದೆ? ಇದರ ಫುಲ್ ಫಾರ್ಮ್ ಏನು?" ಅಂದಳು. ಡಿಕ್ಷನರಿ ತೆಗೆದರೆ 'ಮಿಸ್ಟ್ರೆಸ್' ಅಂತಿದೆ. ಆ ಪದಕ್ಕೆ ನಾವು ಕೇಳಿರುವ ಅರ್ಥ ಇಟ್ಟುಕೊಂಡವಳು ಅಂತ. ಮಗುವಿಗೆ ಏನು ಹೇಳಲಿ?
– ಗೃಹಿಣಿ, ಧಾರವಾಡ

ಉತ್ತರ: ಧೈರ್ಯವಾಗಿ ನಿಜವನ್ನೇ ಹೇಳಿ. ಮಿಸೆಸ್ ಅನ್ನುವುದು ಮಿಸ್ಟ್ರೆಸ್ ಪದದ್ದೇ ಮೊಟಕು ರೂಪ. ಆ ಆರ್ ಬಂದಿರುವುದು ಅಲ್ಲಿಂದಲೇ. ಆದರೆ ಮಿಸ್ಟ್ರೆಸ್ ಹುಟ್ಟಿದಾಗ ಅದು ಕೀಳು ಪದ ಆಗಿರಲಿಲ್ಲ. ಕನ್ನಡದಲ್ಲಿ ಅದಕ್ಕೆ ಸರಿಯಾದ ಜೋಡಿ ಪದವೇ ಇದೆ: ಯಜಮಾನಿ.

ಲ್ಯಾಟಿನ್ನಿನ 'ಮ್ಯಾಜಿಸ್ಟರ್' ಅಂದರೆ ಒಡೆಯ, ಕಲಿಸುವವನು, ಕೆಲಸದಲ್ಲಿ ಪಳಗಿದವನು. ಅದು ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು ಮಾಸ್ಟರ್ ಆಯಿತು. ಅದರ ಹೆಣ್ಣು ರೂಪ ಮಿಸ್ಟ್ರೆಸ್. ಇದೇ ಬೇರಿನ ಇನ್ನೆರಡು ಪದ ನಮ್ಮ ಬಾಯಲ್ಲಿ ದಿನಾ ಓಡಾಡುತ್ತವೆ. ಶಾಲೆಯ ಮೇಷ್ಟ್ರು ಇಂಗ್ಲಿಷಿನಿಂದ ಬಂದವರು. ಮನೆ ಕಟ್ಟುವ ಮೇಸ್ತ್ರಿ ಪೋರ್ಚುಗೀಸರ 'ಮೆಸ್ತ್ರೆ'ಯಿಂದ ಬಂದವರು. ಮೇಷ್ಟ್ರು, ಮೇಸ್ತ್ರಿ, ಮಿಸೆಸ್ ಮೂವರೂ ಒಂದೇ ಮನೆತನದವರು. ನಿಮ್ಮ ಮಗಳಿಗೆ ಇದನ್ನು ಮೊದಲು ಹೇಳಿ, ಖುಷಿಪಡುತ್ತಾಳೆ. ಅವಳ ಶಾಲೆಯ ಹೆಡ್‌ಮಿಸ್ಟ್ರೆಸ್ ಹೆಸರನ್ನೂ ನೆನಪಿಸಿ. ಪದದ ಹಳೆಯ ಗೌರವ ಅಲ್ಲಿ ಇನ್ನೂ ಹಾಗೇ ಉಳಿದಿದೆ.

ಹಳೆಯ ಇಂಗ್ಲೆಂಡಿನಲ್ಲಿ ಹೆಂಗಸಿನ ಹೆಸರಿನ ಹಿಂದೆ ಮಿಸ್ಟ್ರೆಸ್ ಇದೆ ಅಂದರೆ ಅವಳ ಕೈಕೆಳಗೆ ಆಳುಗಳಿದ್ದಾರೆ, ಕೆಲಸ ಕಲಿಯುವ ಹುಡುಗಿಯರಿದ್ದಾರೆ, ಇಲ್ಲವೇ ಅವಳು ದೊಡ್ಡ ಮನೆತನದವಳು ಅಂತ ಅರ್ಥ. ಮದುವೆ ಆಗಿದೆಯೋ ಇಲ್ಲವೋ ಅನ್ನುವುದು ಆ ಪದದ ಚಿಂತೆಯೇ ಅಲ್ಲ. ಶೇಕ್ಸ್‌ಪಿಯರನ ವಿಂಡ್ಸರ್ ಊರಿನ ಹೆಂಗಸರ ನಾಟಕ ನೋಡಿ. ಅದರಲ್ಲಿ ತಾಯಿ ಮಿಸ್ಟ್ರೆಸ್ ಪೇಜ್. ಮದುವೆಯಾಗದ ಮಗಳು ಆನ್ ಕೂಡ ಮಿಸ್ಟ್ರೆಸ್ಸೇ.

ಇನ್ನೊಂದು ಕಡೆ, ಬಡ ರೈತನ ಹೆಂಡತಿಗೆ ಮದುವೆಯಾಗಿ ಹತ್ತು ಮಕ್ಕಳಿದ್ದರೂ ಈ ಪದ ಸಿಗುತ್ತಿರಲಿಲ್ಲ. ಅವಳನ್ನು 'ಗುಡ್‌ವೈಫ್' ಅನ್ನುತ್ತಿದ್ದರು, ಮಾತಿನಲ್ಲಿ 'ಗುಡಿ'. ಅಮೆರಿಕದ ಸೇಲಂನಲ್ಲಿ 1692ರಲ್ಲಿ ಮಾಟಗಾತಿಯರು ಅಂತ ಹೆಂಗಸರನ್ನು ವಿಚಾರಣೆಗೆ ಎಳೆದರಲ್ಲ, ಆಗ ಗಲ್ಲಿಗೇರಿದ ಮುದುಕಿ ರೆಬೆಕಾ ನರ್ಸ್ ಅಕ್ಕಪಕ್ಕದವರ ಬಾಯಲ್ಲಿ 'ಗುಡಿ ನರ್ಸ್'. ಅಂದರೆ ಇದು ಅಂತಸ್ತಿನ ಲೆಕ್ಕ, ತಾಳಿಯ ಲೆಕ್ಕ ಅಲ್ಲ.

ನನಗೆ ತುಂಬಾ ಇಷ್ಟವಾದ ಉದಾಹರಣೆ ಮಿಸೆಸ್ ಎಲಿನರ್ ಕೋಡ್. 1769ರಲ್ಲಿ ಈಕೆ ಲಂಡನ್ನಿನ ಲ್ಯಾಂಬೆತ್‌ನಲ್ಲಿದ್ದ ಕೃತಕ ಕಲ್ಲಿನ ಕಾರ್ಖಾನೆಯೊಂದನ್ನು ತನ್ನ ಕೈಗೆ ತೆಗೆದುಕೊಂಡಳು. ಜೇಡಿಮಣ್ಣಿಗೆ ಗಾಜಿನ ಪುಡಿ, ಮರಳು, ಮೊದಲೇ ಸುಟ್ಟ ಮಣ್ಣಿನ ಪುಡಿ ಕಲಸಿ, ಅಚ್ಚಿಗೆ ಒತ್ತಿ, ಗೂಡಿನಲ್ಲಿ ದಿನಗಟ್ಟಲೆ ಸುಡುತ್ತಿದ್ದರು. ಲಂಡನ್ನಿನಲ್ಲಿ ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟುವವರಿಗೆ ಒಂದು ತುದಿಯಲ್ಲಿ ಎತ್ತರದ ಪೀಠದ ಮೇಲೆ ನಿಂತ ಬಿಳಿ ಸಿಂಹ ಕಾಣುತ್ತದೆ. ಅದು ಇದೇ ಕಲ್ಲಿನದು. ಆಕೆ ತೀರಿಕೊಂಡ ಮೇಲೆ, 1837ರಲ್ಲಿ, ಅದೇ ಕಾರ್ಖಾನೆಯಿಂದ ಬಂದದ್ದು. ಅಷ್ಟು ವರ್ಷದ ಮಳೆ, ಹೊಗೆ, ಮಂಜು ಕುಡಿದರೂ ಅದರ ಕೇಸರದ ಗೆರೆಗಳು ಸವೆದಿಲ್ಲ. ಎಲಿನರ್ ಕೋಡ್ ಕೊನೆಯವರೆಗೂ ಮದುವೆಯಾಗಲಿಲ್ಲ. ಆದರೂ ಊರಿಗೆಲ್ಲ ಆಕೆ ಮಿಸೆಸ್ ಕೋಡ್. ಕಾರ್ಖಾನೆಯ ಒಡತಿ, ಹತ್ತಾರು ಜನಕ್ಕೆ ಕೆಲಸ ಕೊಡುವವಳು, ಇನ್ನೇನು ಕರೆಯಬೇಕಿತ್ತು?

1755ರಲ್ಲಿ ಬಂದ ಸಾಮ್ಯುಯೆಲ್ ಜಾನ್ಸನ್ನನ ನಿಘಂಟಿನಲ್ಲೂ ಇದೇ ಚಿತ್ರ. ಮಿಸ್ಟ್ರೆಸ್ ಅಂದರೆ ಆಳುವ ಹೆಂಗಸು, ಯಾವುದಾದರೂ ಕೆಲಸದಲ್ಲಿ ನಿಪುಣೆ, ಕಲಿಸುವವಳು, ಗಂಡಸು ಮನಸಾರೆ ಮೆಚ್ಚಿ ಹಿಂದೆ ಬಿದ್ದವಳು ಅಂತೆಲ್ಲ ಇದೆ. ಇಟ್ಟುಕೊಂಡವಳು ಅಂತಲೂ ಇದೆ. ಹೆಂಡತಿ ಅನ್ನುವ ಅರ್ಥ ಮಾತ್ರ ಇಲ್ಲ!

ಕೆಟ್ಟ ಅರ್ಥ ಹತ್ತಿದ್ದು ಹೇಗೆ ಅಂದರೆ, ಪ್ರೇಮಿ ತನ್ನನ್ನು ಸೇವಕ ಅಂತ, ಅವಳನ್ನು ಒಡತಿ ಅಂತ ಕರೆಯುವ ರೂಢಿಯಿತ್ತು. "ನನ್ನ ಹೃದಯದ ಒಡತಿ" ಅಂತ ನಮ್ಮಲ್ಲೂ ಹೇಳ್ತಾರಲ್ವಾ, ಹಾಗೆ. ಅದೇ ಜಾರಿ ಜಾರಿ ಕದ್ದು ಇಟ್ಟುಕೊಂಡವಳ ತನಕ ಹೋಯಿತು. ಒಳ್ಳೆ ಅರ್ಥ, ಕೆಟ್ಟ ಅರ್ಥ ಎರಡೂ ನೂರಾರು ವರ್ಷ ಒಟ್ಟಿಗೇ ಇದ್ದವು. ಈ ನಡುವೆ ಹೆಸರಿನ ಹಿಂದೆ ದಿನಾ ಹೇಳಿ ಹೇಳಿ ಮಿಸ್ಟ್ರೆಸ್ ಸವೆದು ಮಿಸಿಸ್, ಅಂದರೆ ನಮ್ಮ ಮಿಸೆಸ್, ಆಯಿತು. ನಮ್ಮ ಹೆಗ್ಗಡೆ ಸವೆದು ಹೆಗ್ಡೆ ಆಗಲಿಲ್ಲವೇ? ಹದಿನೆಂಟನೇ ಶತಮಾನ ಕಳೆಯುವಷ್ಟರಲ್ಲಿ ಹೆಸರಿಗೆ ಅಂಟಿದ ಮಿಸಿಸ್ ಬೇರೆ ಪದ, ಪೂರ್ತಿ ಹೇಳುವ ಮಿಸ್ಟ್ರೆಸ್ ಬೇರೆ ಪದ ಅನ್ನುವಂತಾಯಿತು. ಮರ್ಯಾದೆ ಮೊಟಕು ಪದದ ಜೊತೆ ಹೋಯಿತು. ಕಳಂಕ ಉದ್ದ ಪದಕ್ಕೆ ಉಳಿಯಿತು.

ಇಂಥದ್ದು ಕನ್ನಡದಲ್ಲೂ ಆಗಿದೆ. ಯಜಮಾನ ಅಂದರೆ ಮೂಲದಲ್ಲಿ ಯಜ್ಞ ಮಾಡಿಸುವವನು. ಆಮೇಲೆ ಮನೆಯ ಹಿರಿಯ, ಒಡೆಯ. ಈಗ "ನಮ್ಮ ಯಜಮಾನ್ರು ಊರಲ್ಲಿಲ್ಲ" ಅಂದರೆ ಗಂಡ ಅಂತಲೇ. ಶ್ರೀಮತಿ ಅಂದರೂ ಸುಮ್ನೆ ಶ್ರೀ ಉಳ್ಳವಳು ಅಂತ ಅಷ್ಟೇ. ಮದುವೆಯ ಅರ್ಥ ಬಳಕೆಯಲ್ಲಿ ಬಂದು ಕೂತಿದ್ದು.

ಪ್ರಶ್ನೆ: ನನಗೆ ನಲವತ್ತೊಂದು ವರ್ಷ, ಮದುವೆಯಾಗಿಲ್ಲ. ಅರ್ಜಿಗಳಲ್ಲಿ ಮಿಸ್ ಅಂತ ಗುರುತು ಹಾಕುವಾಗ ಚಿಕ್ಕ ಹುಡುಗಿ ಥರ ಅನ್ನಿಸುತ್ತೆ. ಮಿಸ್ ಎಲ್ಲಿಂದ ಬಂತು? ಮದುವೆಯ ಸುಳಿವು ಕೊಡದ 'ಎಂ-ಎಸ್' ಬರೆದರೆ ಸರಿಯೇ? ಅದನ್ನು ಹೇಗೆ ಹೇಳಬೇಕು?
– ಉದ್ಯೋಗಸ್ಥೆ, ಮಂಗಳೂರು

ಉತ್ತರ: ನಿಮಗೆ ಹಾಗೆ ಅನ್ನಿಸಿದ್ದು ಸರಿಯಾಗಿಯೇ ಇದೆ. ಮಿಸ್ ಕೂಡ ಮಿಸ್ಟ್ರೆಸ್ ಪದದ್ದೇ ತುಂಡು, ಆದರೆ ಅದು ಚಿಕ್ಕ ಹುಡುಗಿಯರಿಗೆ ಅಂತಲೇ ಇದ್ದದ್ದು. ಬೆಳೆದ ಹೆಂಗಸಿಗೆ ಹೇಳಿದರೆ ಅವಮಾನ. 1662ರ ದಿನಚರಿಯಲ್ಲಿ ಜಾನ್ ಎವೆಲಿನ್, ನಡತೆಗೆಟ್ಟ ಹೆಂಗಸರನ್ನು ಈಗ ಹೀಗೆ ಕರೆಯುತ್ತಾರೆ ಅಂತ ಬರೆದಿದ್ದಾನೆ. ಆ ಕಾಲಕ್ಕೆ ಮಿಸ್ಟ್ರೆಸ್‌ಗಿಂತ ಮಿಸ್ಸೇ ಅನುಮಾನದ ಪದ!

ಹದಿನೆಂಟನೇ ಶತಮಾನದ ಮಧ್ಯದಲ್ಲಿ ಇದು ಬದಲಾಯಿತು. ಮದುವೆಯಾಗದ ಸಿರಿವಂತ ಹೆಣ್ಣುಮಕ್ಕಳು ಬೆಳೆದ ಮೇಲೂ ಮಿಸ್ ಅನ್ನಿಸಿಕೊಳ್ಳತೊಡಗಿದರು. ಕೇಂಬ್ರಿಜ್‌ನ ಇತಿಹಾಸಕಾರ್ತಿ ಎಮಿ ಎರಿಕ್ಸನ್ ಇದನ್ನು ಹಳೆಯ ದಾಖಲೆಗಳಿಂದ ಬಿಡಿಸಿ ತೋರಿಸಿದ್ದಾರೆ. ಅಂಗಡಿ, ಕಸುಬು ನಡೆಸುವ ಹೆಂಗಸರೆಲ್ಲ ಮಿಸೆಸ್ ಆಗಿದ್ದಾಗ, ತಾವು ಅವರಲ್ಲ ಅಂತ ತೋರಿಸಿಕೊಳ್ಳಲು ಮೇಲಿನವರು ಹಿಡಿದ ದಾರಿ ಇದು ಅನ್ನುತ್ತಾರೆ ಅವರು. ನನಗೂ ಈ ಮಾತು ಒಪ್ಪಿಗೆ. ಮಿಸ್ ಹಾಗೆ ಹರಡಿದ ಮೇಲೆ ಮಿಸೆಸ್ ಪಾಲಿಗೆ ಉಳಿದದ್ದು ಮದುವೆಯಾದವರು ಮಾತ್ರ. ಗಂಡನ ಪೂರ್ತಿ ಹೆಸರಿಗೇ ಮಿಸೆಸ್ ಸೇರಿಸಿ ಬರೆಯುವ ಪದ್ಧತಿಯೂ ಜಾಸ್ತಿಯಾದದ್ದು 1800ರಿಂದ ಈಚೆಗೆ. ಹೆಂಗಸಿನ ಸ್ವಂತ ಹೆಸರೇ ಅಲ್ಲಿ ಮಾಯ. ಇದು ನನಗೆ ಇವತ್ತಿಗೂ ನೋವಿನ ವಿಷಯ.

ಮಿಸೆಸ್‌ನ ಹಳೆಯ ಅರ್ಥ ಮಾತ್ರ ದೊಡ್ಡ ಬಂಗಲೆಗಳ ಅಡುಗೆಮನೆಯಲ್ಲಿ ಗಟ್ಟಿಯಾಗಿ ಉಳಿಯಿತು. ಮನೆವಾರ್ತೆ ನೋಡುವ ಹೆಂಗಸು, ಮುಖ್ಯ ಅಡುಗೆಯಾಕೆ ಮದುವೆಯಾಗದಿದ್ದರೂ ಮಿಸೆಸ್ಸೇ. ಉಗ್ರಾಣದ ಬೀಗದಕೈ ಅವಳ ಸೊಂಟದಲ್ಲಿ ಇರುತ್ತಿತ್ತು.

ಇನ್ನು ಎಂ-ಎಸ್. ಖಂಡಿತ ಬರೆಯಿರಿ. 'ಮಿಜ಼್' ಅಂತ ಹೇಳಬೇಕು, ಕೊನೆಗೆ ಜೇನುಹುಳ ಗುಂಯ್‌ಗುಟ್ಟುವ ಹಾಗೆ. ಅದು ನಿನ್ನೆ ಮೊನ್ನೆಯದಲ್ಲ. 1901ರಲ್ಲೇ ಅಮೆರಿಕದ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಊರಿನ ಪತ್ರಿಕೆಯೊಂದು ಹೀಗೆ ಬರೆಯಿರಿ ಅಂತ ಸಲಹೆ ಕೊಟ್ಟಿತ್ತು. ಯಾರೂ ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. 1961ರಲ್ಲಿ ಶೀಲಾ ಮೈಕೆಲ್ಸ್ ಅನ್ನುವ ಯುವತಿ, ಜೊತೆಯಲ್ಲಿದ್ದ ಗೆಳತಿಗೆ ಬಂದ ಪತ್ರಿಕೆಯ ವಿಳಾಸದ ಚೀಟಿಯಲ್ಲಿ ಇದನ್ನು ನೋಡಿದಳು. ಮೊದಲು ಅಚ್ಚಿನ ತಪ್ಪು ಅಂದುಕೊಂಡಳು. ಆಮೇಲೆ, ತಂದೆಗೂ ಸೇರದ, ಗಂಡನಿಗೂ ಸೇರದ ಹೆಣ್ಣಿಗೆ ಬೇಕಾದ ಪದ ಇದೇ ಅನ್ನಿಸಿತು. ಹತ್ತು ವರ್ಷ ಅದರ ಪರ ಮಾತಾಡುತ್ತಲೇ ಇದ್ದಳು. 1971ರ ಕೊನೆಗೆ ಅದೇ ಹೆಸರಿನ ಮಹಿಳಾ ಪತ್ರಿಕೆ ಬಂತು. ನ್ಯೂಯಾರ್ಕ್ ಟೈಮ್ಸ್ ಒಪ್ಪಿದ್ದು ಮಾತ್ರ 1986ರಲ್ಲಿ.

ಹಾಗಾಗಿ ಎಂ-ಎಸ್ ಹಾಕಿ, ಹಿಂಜರಿಯಬೇಡಿ. ಎಂ-ಎಸ್ ಇಲ್ಲದ ಅರ್ಜಿ ಬಂದರೆ, ಬರೀ ಹೆಸರು ಸಾಕೇ ಅಂತ ಕೌಂಟರಿನಲ್ಲಿ ಕೇಳಿ.

ಪ್ರಶ್ನೆ: ಹಾಗಾದರೆ ಮೇಡಂ ಏನು? ಮಕ್ಕಳು ಟೀಚರಿಗೆ ಮಿಸ್ ಅನ್ನೋದು ಸರಿಯೇ?
– ಶಿಕ್ಷಕಿ, ಹಾಸನ

ಉತ್ತರ: ಮೇಡಂ ಫ್ರೆಂಚಿನ 'ಮ ದಾಮ್', ಅಂದರೆ ನನ್ನ ಒಡತಿ. ಅದರ ಹಿಂದೆ ಲ್ಯಾಟಿನ್ನಿನ 'ಡೋಮಿನಾ', ಮನೆಯ ಯಜಮಾನಿ. ಮದುವೆಗೂ ಅದಕ್ಕೂ ಸಂಬಂಧವಿಲ್ಲ. ಮಕ್ಕಳು ಮಿಸ್ ಅನ್ನುವುದು ಇಂಗ್ಲೆಂಡಿನ ಶಾಲೆಗಳ ರೂಢಿಯೂ ಹೌದು. ಟೀಚರಿಗೆ ಮದುವೆಯಾಗಿ ಮೊಮ್ಮಕ್ಕಳಿದ್ದರೂ ಅಲ್ಲಿ ಆಕೆ ಮಿಸ್ಸೇ. ನಿಮ್ಮ ಮಕ್ಕಳು "ಮಿಸ್, ಮಿಸ್" ಅಂತ ಸೆರಗು ಹಿಡಿದು ಕರೆದಾಗ ತಿದ್ದಲು ಹೋಗಬೇಡಿ. ಮಿಸ್ಟ್ರೆಸ್‌ಗಿದ್ದ ಕಲಿಸುವವಳು ಅನ್ನುವ ಹಳೇ ಅರ್ಥ ಅವರ ಬಾಯಲ್ಲಿ ತಾನಾಗಿಯೇ ಬಂದಿದೆ.