ಈಜು ಬರಲ್ಲ, ಆದರೂ ಕಯಾಕ್ ಹತ್ತಬಹುದಾ?

ಡಿಸೆಂಬರ್ ರಜೆ ಹತ್ತಿರ ಬಂತು. ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಹೊನ್ನಾವರ, ಮುರುಡೇಶ್ವರ, ನೇತ್ರಾಣಿ ದ್ವೀಪದ ಸುತ್ತಲೇ ಇವೆ. ಕೇಳಿರುವುದು ಕಯಾಕಿಂಗ್, ಅಂದರೆ ಹುಟ್ಟು ಹಾಕುವ ಸಣ್ಣ ದೋಣಿಯ ಓಡಾಟ, ಮತ್ತು ಸ್ನಾರ್ಕೆಲಿಂಗ್, ಅಂದರೆ ಮಾಸ್ಕ್ ಹಾಕಿ, ಬಾಯಲ್ಲಿ ಉಸಿರಿನ ಕೊಳವೆ ಇಟ್ಟು, ನೀರಿನ ಮೇಲೆ ತೇಲುತ್ತಾ ಕೆಳಗೆ ನೋಡುವುದರ ಬಗ್ಗೆ. ಹೊಸಬರನ್ನು ಇದೇ ನೀರಿಗೆ ಇಳಿಸಿ ಹತ್ತಿಸಿ ದಿನ ಕಳೆದವನು ನಾನು. ಹಾಗಾಗಿ ಉತ್ತರ ಬರೆಯುವುದು ಸುಲಭವಾಯಿತು. ಮೊದಲ ಪತ್ರಕ್ಕೆ ಸ್ವಲ್ಪ ಉದ್ದ ಬರೆದಿದ್ದೇನೆ, ಯಾಕೆಂದರೆ ಉಳಿದವರ ಅರ್ಧ ಪ್ರಶ್ನೆ ಅದರಲ್ಲೇ ಇದೆ.

ಪ್ರಶ್ನೆ: ನನಗೆ 46 ವರ್ಷ, ಹೈಸ್ಕೂಲ್ ಶಿಕ್ಷಕಿ. ಈಜು ಬರಲ್ಲ. ನಮ್ಮವರಿಗೆ ಊರ ಕೆರೆಯಲ್ಲಿ ಈಜಿದ ಅಭ್ಯಾಸ ಇದೆ. 15 ವರ್ಷದ ಮಗಳು ಕಯಾಕಿಂಗೂ ಬೇಕು, ಸ್ನಾರ್ಕೆಲಿಂಗೂ ಬೇಕು ಅಂತ ಹಠ ಹಿಡಿದಿದ್ದಾಳೆ. ಒಂದೇ ದಿನದಲ್ಲಿ ಎರಡೂ ಮುಗಿಸಬಹುದಾ? ಅಷ್ಟು ಆಳದ ನೀರಿನಲ್ಲಿ ಏನಾದರೂ ಆದರೆ ಅನ್ನುವುದೇ ನನ್ನ ಭಯ. (ದಾವಣಗೆರೆ)

ಉತ್ತರ: ಧೈರ್ಯವಾಗಿ ಬನ್ನಿ ಮೇಡಂ. ಆದರೆ ಎರಡು ದಿನ ಇಟ್ಟುಕೊಂಡು ಬನ್ನಿ.

ಮೊದಲು ನಿಮ್ಮ ಭಯದ ಮಾತು. ಲೈಫ್ ಜಾಕೆಟ್ ಸರಿಯಾಗಿ ಹಾಕಿಕೊಂಡವರಿಗೆ ಆರಡಿ ನೀರೂ ಒಂದೇ, ಅರವತ್ತಡಿ ನೀರೂ ಒಂದೇ. ತೇಲುವುದು ಮೇಲೆ ತಾನೇ? ಜಾಕೆಟ್ ಇಲ್ಲದವರಿಗೆ ಮಾತ್ರ ಮೊಣಕಾಲುದ್ದದ ನೀರೂ ಸಾಕು. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ತೀರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರು ಹೋಗಿಬಿಟ್ಟರು. ಅವರು ದೋಣಿಯಲ್ಲಿರಲಿಲ್ಲ, ದಡದ ಅಲೆಯಲ್ಲಿ ಆಡುತ್ತಿದ್ದರು. ನೀವು ಶಿಕ್ಷಕಿ, ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗುವವರು. ಅದಕ್ಕೇ ಇದನ್ನು ಬರೆದೆ.

ಜಾಕೆಟ್ ಸರಿಯಾಗಿದೆಯಾ ಅಂತ ನೋಡುವುದು ಹೀಗೆ. ಬಕಲ್ ಎಲ್ಲ ಹಾಕಿದ ಮೇಲೆ ಯಾರಾದರೂ ನಿಮ್ಮ ಹೆಗಲ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಲಿ. ಜಾಕೆಟ್ ಕಿವಿಯವರೆಗೆ ಬಂದರೆ ಅದು ನಿಮ್ಮ ಅಳತೆಯದಲ್ಲ, ಬೇರೆ ಕೇಳಿ. ನಾಚಿಕೆ ಬೇಡ. ನಿಜ ಹೇಳಬೇಕೆಂದರೆ ನನಗೆ ನಿಮಗಿಂತ ನಿಮ್ಮ ಯಜಮಾನರದೇ ಚಿಂತೆ. ಕೆರೆಯಲ್ಲಿ ಈಜಿದವರು ಹತ್ತು ನಿಮಿಷಕ್ಕೆ "ಸೆಕೆ ಮಾರಾಯ್ರೇ" ಅಂತ ಬಕಲ್ ಸಡಿಲ ಮಾಡುತ್ತಾರೆ. ಕೆರೆಯ ನೀರು ನಿಂತಲ್ಲಿ ನಿಂತಿರುತ್ತದೆ, ಇಲ್ಲಿ ನೀರು ನಡೆಯುತ್ತಿರುತ್ತದೆ. ಅವರಿಗೆ ಮನೆಯಲ್ಲೇ ಹೇಳಿಟ್ಟುಬಿಡಿ.

ಹೆದರಬೇಕಾದದ್ದು ಆಳಕ್ಕಲ್ಲ, ಗಾಳಿಗೆ. ನಮ್ಮ ಕರಾವಳಿಯಲ್ಲಿ ರಾತ್ರಿ ನೆಲ ಬೇಗ ತಣಿಯುತ್ತದೆ, ಸಮುದ್ರ ತಣಿಯುವುದಿಲ್ಲ. ಹಾಗಾಗಿ ಬೆಳಗಿನ ಜಾವ ಗಾಳಿ ಮೂಡಣದಿಂದ, ಘಟ್ಟದ ಕಡೆಯಿಂದ ಬೀಸುತ್ತದೆ. ಮಧ್ಯಾಹ್ನ ನೆಲ ಕಾದಾಗ ಉಲ್ಟಾ, ಪಡುವಣದ ಗಾಳಿ ಏಳುತ್ತದೆ, ಅಲೆಯೂ ಏಳುತ್ತದೆ. ಅದಕ್ಕೇ ಎಲ್ಲರೂ ಬೆಳಿಗ್ಗೆ ಹೋಗಿ ಅನ್ನುವುದು. ಆದರೆ ಬೆಳಗಿನ ಗಾಳಿಗೂ ಒಂದು ಕುತಂತ್ರ ಇದೆ. ದಡದ ಹತ್ತಿರ ತೆಂಗು, ಗಾಳಿಮರಗಳ ಮರೆಯಲ್ಲಿ ನೀರು ಕನ್ನಡಿಯ ಹಾಗೆ ಇರುತ್ತದೆ. ಸ್ವಲ್ಪ ಆಚೆ ಹೋದರೆ ಅದೇ ಗಾಳಿ ಬೆನ್ನಿಗೆ ಬಿದ್ದು ಹೊರಕ್ಕೆ ತಳ್ಳುತ್ತದೆ. ಹೊಸಬರಿಗೆ ಅದು ಗಾಳಿ ಅಂತ ಗೊತ್ತಾಗುವುದಿಲ್ಲ, "ನನಗೆ ಹುಟ್ಟು ಹಾಕೋದು ಬಂತು" ಅನ್ನಿಸುತ್ತದೆ! ವಾಪಸ್ ತಿರುಗಿದಾಗ ಗೊತ್ತಾಗುತ್ತದೆ. ನಾನೇ ಒಂದು ಸಲ, ಹೊಸದರಲ್ಲಿ, ಒಂದು ಜೋಡಿಯನ್ನು ಹೀಗೆ ಆಚೆ ಬಿಟ್ಟು ಆಮೇಲೆ ಹಗ್ಗ ಕಟ್ಟಿ ಎಳೆದು ತಂದಿದ್ದೇನೆ. ತಪ್ಪು ನನ್ನದೇ. ಅವರಿಗೆ ಇವತ್ತಿಗೂ ಅದು ಪ್ಯಾಕೇಜಿನ ಭಾಗ ಅಂತಲೇ ನಂಬಿಕೆ.

ಆದ್ದರಿಂದ ಮೊದಲ ಕಯಾಕಿಂಗ್ ಸಮುದ್ರದಲ್ಲಿ ಬೇಡ, ಹೊಳೆಯಲ್ಲಿ ಮಾಡಿ. ಹೊನ್ನಾವರದ ಶರಾವತಿ ಇದಕ್ಕೆ ಹೇಳಿ ಮಾಡಿಸಿದ ಜಾಗ. ಜೋಗದಲ್ಲಿ 253 ಮೀಟರ್ ಧುಮುಕುವ ಹೊಳೆ ಇಲ್ಲಿಗೆ ಬರುವಷ್ಟರಲ್ಲಿ ಅಗಲವಾಗಿ, ನಿಧಾನವಾಗಿ, ಅರ್ಧ ಉಪ್ಪು ಅರ್ಧ ಸಿಹಿಯಾಗಿರುತ್ತದೆ. ಎರಡೂ ಕಡೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು ನೀರಿಗೆ ಕಾಲು ಬಿಟ್ಟು ನಿಂತಿರುತ್ತವೆ. ನಡುವಿನ ಸಣ್ಣ ಕವಲುಗಳಲ್ಲಿ ಗಾಳಿ ತಟ್ಟುವುದಿಲ್ಲ.

ಇಲ್ಲಿ ನೋಡಬೇಕಾದದ್ದು ಉಬ್ಬರ ಇಳಿತ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಹೊತ್ತು ದಿನಾ ಸುಮಾರು 50 ನಿಮಿಷ ಮುಂದಕ್ಕೆ ಜಾರುತ್ತದೆ. ಇಳಿತ ಜೋರಾಗಿರುವಾಗ ನೀರು ಅಳಿವೆಯ ಕಡೆ, ಅಂದರೆ ಹೊಳೆ ಸಮುದ್ರ ಸೇರುವ ಬಾಯಿಯ ಕಡೆ ಎಳೆಯುತ್ತದೆ. ಹೊಸಬರು ಅತ್ತ ಹೋಗಲೇಬಾರದು. ಉಬ್ಬರ ಏರುತ್ತಿರುವಾಗ ಮೇಲಕ್ಕೆ ಹೋಗಿ, ನೀರು ತಿರುಗಿದ ಮೇಲೆ ಇಳಿಯುತ್ತಾ ಬಂದರೆ ಎರಡೂ ಕಡೆ ನೀರೇ ಅರ್ಧ ಕೆಲಸ ಮಾಡಿಕೊಡುತ್ತದೆ. ನಿಮ್ಮ ಮನೆಯ ಗೋಡೆಯ ಕ್ಯಾಲೆಂಡರ್ ಇದಕ್ಕೆ ಸಾಕು. ಹುಣ್ಣಿಮೆ, ಅಮಾವಾಸ್ಯೆಯ ಹತ್ತಿರ ನೀರಿನ ಓಡಾಟ ಜಾಸ್ತಿ. ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ. ತಾರೀಕು ನಿಮ್ಮ ಕೈಯಲ್ಲಿದ್ದರೆ ಅಷ್ಟಮಿಯ ಹತ್ತಿರದ ದಿನ ಆರಿಸಿ.

ದೋಣಿ ಯಾವುದು ಅಂದರೆ, ಒಳಗೆ ಕಾಲು ತೂರಿಸುವ ಕಯಾಕ್ ಅಲ್ಲ, ಮೇಲೆ ಕುಳಿತುಕೊಳ್ಳುವಂಥದ್ದು. ಮಗುಚಿದರೆ ಸಿಕ್ಕಿಹಾಕಿಕೊಳ್ಳುವ ಮಾತೇ ಇಲ್ಲ, ಸುಮ್ನೆ ಪಕ್ಕಕ್ಕೆ ಬೀಳುತ್ತೀರಿ. ಇಬ್ಬರು ಕೂರುವ ದೋಣಿಯಾದರೆ ತೂಕ ಮತ್ತು ಬಲ ಜಾಸ್ತಿ ಇರುವವರು ಹಿಂದೆ. ತಿರುಗಿಸುವ ಕೆಲಸ ಹಿಂದಿನವರದು. ಮುಂದಿನವರು ತಾಳ ಹಿಡಿದರೆ ಸಾಕು. ತಾಳ ತಪ್ಪಿದರೆ ಇಬ್ಬರ ಪ್ಯಾಡಲ್ ಟಣ್ ಟಣ್ ಅಂತ ಬಡಿದುಕೊಳ್ಳುತ್ತದೆ, ಅಲ್ಲಿಂದ ಸಂಸಾರದ ಹಳೆಯ ಲೆಕ್ಕ ಎಲ್ಲ ಶುರುವಾಗುತ್ತದೆ. ನೀವು ಮಗಳ ಜೊತೆ ಕುಳಿತರೆ ಒಳ್ಳೆಯದು ಅಂತ ಕಾಣುತ್ತದೆ. ಪ್ಯಾಡಲನ್ನು ತೋಳಿನಿಂದ ಎಳೆಯಬೇಡಿ, ಸೊಂಟದಿಂದ ಮೇಲಿನ ಮೈ ತಿರುಗಲಿ. ಇಲ್ಲವಾದರೆ ಮರುದಿನ ಊಟಕ್ಕೆ ಕೈ ಎತ್ತುವುದೂ ಕಷ್ಟ.

ಒಂದು ಕೆಲಸ ಹಠ ಹಿಡಿದು ಮಾಡಿಸಿಕೊಳ್ಳಿ. ಹೊರಡುವ ಮೊದಲು ದಡದ ಹತ್ತಿರ, ಎದೆಯುದ್ದದ ನೀರಿನಲ್ಲಿ ಬೇಕಂತಲೇ ಬಿದ್ದು ಮತ್ತೆ ಹತ್ತಬೇಕು. ದೋಣಿಯ ಮಧ್ಯಭಾಗ ಹಿಡಿದು, ಕಾಲು ಬಡಿಯುತ್ತಾ ಮೈಯನ್ನು ಅಡ್ಡಡ್ಡ ಮೇಲೆ ಎಳೆದುಕೊಳ್ಳುವುದು. ಮೊದಲು ಹೊಟ್ಟೆ, ಆಮೇಲೆ ಅಂಡು, ಕೊನೆಗೆ ಕಾಲು. ನೇರ ಎದ್ದು ಕೂರಲು ಹೋದರೆ ದೋಣಿ ಮತ್ತೆ ನಿಮ್ಮ ಮೇಲೆ. ಒಂದು ಸಲ ಬಿದ್ದು ಹತ್ತಿದವರ ಮುಖವೇ ಬೇರೆಯಾಗುತ್ತದೆ. ಅಲ್ಲಿಯವರೆಗೆ ದೋಣಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದವರು ಆಮೇಲೆ ಹಕ್ಕಿ ನೋಡಲು ಶುರು ಮಾಡುತ್ತಾರೆ.

ಮರುದಿನ ಸ್ನಾರ್ಕೆಲಿಂಗ್. ಇದನ್ನು ಹೊಳೆಯಲ್ಲಿ ಮಾಡಿ ಪ್ರಯೋಜನವಿಲ್ಲ, ನೀರು ಕೆಸರು. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಸಮುದ್ರದೊಳಗೆ ನೇತ್ರಾಣಿ ಇದೆ. ಮೋಟಾರು ದೋಣಿಯಲ್ಲಿ ಒಂದರಿಂದ ಒಂದೂವರೆ ಗಂಟೆ. ಅಲ್ಲಿ ಮರಳಿನ ದಡ ಇಲ್ಲ, ಕಡಿದಾದ ಬಂಡೆ. ದೋಣಿಯಿಂದಲೇ ನೀರಿಗೆ ಇಳಿಯಬೇಕು. ಮೇಲೆ ಬಿಳಿ ಹೊಟ್ಟೆಯ ಕಡಲ ಹದ್ದು ತಿರುಗುತ್ತಿರುತ್ತದೆ. ಕೆಳಗೆ ಗಿಳಿಮೀನು, ಚಿಟ್ಟೆಮೀನು, ಹುಲಿಯ ಹಾಗೆ ಪಟ್ಟೆ ಇರುವ ಸಣ್ಣ ಮೀನುಗಳ ದೊಡ್ಡ ಹಿಂಡು. ಪುಣ್ಯವಿದ್ದರೆ ಆಮೆ.

ಇಳಿದ ಕೂಡಲೇ ಮೀನು ಹುಡುಕಬೇಡಿ. ಒಂದು ಕೈಯಲ್ಲಿ ಏಣಿ ಹಿಡಿದು, ಮುಖ ಮಾತ್ರ ನೀರಿನಲ್ಲಿಟ್ಟು ಐದು ನಿಮಿಷ ಉಸಿರಾಡಿ. ಯಾಕೆ ಗೊತ್ತಾ? ನಾವು ಒಂದು ಸಲಕ್ಕೆ ಎಳೆದುಕೊಳ್ಳುವುದು ಸುಮಾರು ಅರ್ಧ ಲೀಟರ್ ಗಾಳಿ. ಅದರಲ್ಲಿ ಸುಮಾರು 150 ಮಿಲಿಲೀಟರ್ ಗಂಟಲು, ಶ್ವಾಸನಾಳದಲ್ಲೇ ಉಳಿಯುತ್ತದೆ. ಬಾಯಲ್ಲಿ ಕೊಳವೆ ಇಟ್ಟರೆ ಆ ಕೊಳವೆಯೊಳಗಿನ ಹಳೆಯ ಗಾಳಿಯೂ ಲೆಕ್ಕಕ್ಕೆ ಸೇರುತ್ತದೆ. ಗಾಬರಿಯಲ್ಲಿ ಚಿಕ್ಕ ಚಿಕ್ಕ ಉಸಿರು ಎಳೆದರೆ ಬಿಟ್ಟ ಗಾಳಿಯೇ ಮತ್ತೆ ಒಳಗೆ ಹೋಗುತ್ತದೆ, ಗಾಬರಿ ಇನ್ನೂ ಏರುತ್ತದೆ. ಮದ್ದು ಒಂದೇ, ಪೂರ್ತಿ ಹೊರಗೆ ಬಿಡುವುದು. ಒಳಗೆ ಎಳೆಯುವುದರ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ, ಅದು ತಾನಾಗೇ ಬರುತ್ತದೆ. ಕೊಳವೆಗೆ ನೀರು ನುಗ್ಗಿದರೆ ಬೆಂಕಿ ಊದುವ ಹಾಗೆ "ಥೂ" ಅಂತ ಒಂದು ಜೋರು ಊದು. ಅಷ್ಟೇ.

ಹವಳ ಮುಟ್ಟಬೇಡಿ, ಮೇಲೆ ನಿಲ್ಲಬೇಡಿ, ಒಡೆದ ತುಂಡೂ ತರಬೇಡಿ. ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ ಅದು. ಸನ್‌ಸ್ಕ್ರೀನ್ ಬಳಿದುಕೊಳ್ಳುವ ಬದಲು ತುಂಬು ತೋಳಿನ ಬಿಗಿ ಟೀಶರ್ಟ್, ಲೆಗಿಂಗ್ಸ್ ಹಾಕಿ. ಚೂಡಿದಾರದ ದುಪಟ್ಟಾ, ಜೀನ್ಸ್ ಬೇಡವೇ ಬೇಡ. ನೀರು ಕುಡಿದ ಜೀನ್ಸ್ ಕಾಲಿಗೆ ಕಲ್ಲು ಕಟ್ಟಿದ ಹಾಗೆ. ಬೆಳಿಗ್ಗೆ ಎರಡು ಇಡ್ಲಿ ತಿಂದು ಬನ್ನಿ. ಖಾಲಿ ಹೊಟ್ಟೆಗೂ ವಾಂತಿ ಬರುತ್ತದೆ, ಮಸಾಲೆ ದೋಸೆ ತಿಂದ ಹೊಟ್ಟೆಗೂ ಬರುತ್ತದೆ.

ಪ್ರಶ್ನೆ: ಕನ್ನಡಕದ ಪವರ್ ಮೈನಸ್ 5, ಜೊತೆಗೆ ದಪ್ಪ ಮೀಸೆ. ಮಾಸ್ಕ್ ಹಾಕಿದರೆ ಏನಾದರೂ ಕಾಣುತ್ತಾ? (ಬೆಂಗಳೂರು)

ಉತ್ತರ: ಕನ್ನಡಕದ ಮೇಲೆ ಮಾಸ್ಕ್ ಕೂರುವುದಿಲ್ಲ, ಕಡ್ಡಿಯ ಸಂದಿಯಿಂದ ನೀರು ಬರುತ್ತದೆ. ಪವರ್ ಇರುವ ಮಾಸ್ಕ್ ಸಿಗುತ್ತದೆ, ಮೊದಲೇ ಫೋನ್ ಮಾಡಿ ಕೇಳಿ. ಸ್ವಲ್ಪ ಕಡಿಮೆ ಪವರ್‌ದು ಸಿಕ್ಕರೂ ನಡೆಯುತ್ತದೆ. ಮಾಸ್ಕಿನೊಳಗಿಂದ ನೋಡಿದಾಗ ನೀರಿನಲ್ಲಿ ಎಲ್ಲವೂ ಮೂರನೇ ಒಂದರಷ್ಟು ದೊಡ್ಡದಾಗಿ, ಹತ್ತಿರದಲ್ಲಿ ಕಾಣುತ್ತದೆ. ನೀವು ಹಿಡಿದ ಮೀನಷ್ಟೇ ಅಲ್ಲ, ನೋಡಿದ ಮೀನೂ ಊರಿಗೆ ಹೋಗುವಷ್ಟರಲ್ಲಿ ದೊಡ್ಡದಾಗುವುದು ಇದಕ್ಕೇ!

ಮೀಸೆಯನ್ನು ಮೂಗಿನ ಕೆಳಗೆ ಒಂದು ಗೆರೆಯಷ್ಟು ಬೋಳಿಸಿದರೆ ಸಾಕು, ಪೂರ್ತಿ ತೆಗೆಯಬೇಕಿಲ್ಲ. ಪಟ್ಟಿ ಹಾಕದೆ ಮಾಸ್ಕನ್ನು ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರು ಎಳೆದು ಕೈ ಬಿಡಿ. ಬೀಳದೆ ನಿಂತರೆ ಅದು ನಿಮ್ಮ ಮಾಸ್ಕ್. ಮಂಜು ಕಟ್ಟದಿರಲು ಒಳಗಾಜಿಗೆ ಸ್ವಲ್ಪ ಉಗುಳು ಸವರಿ ತೊಳೆಯಿರಿ. ಅಸಹ್ಯ ಅನ್ನಿಸಿದರೆ ಮಕ್ಕಳ ಶಾಂಪೂ ಒಂದು ಹನಿ.

ಪ್ರಶ್ನೆ: 61 ವರ್ಷ, ಬಿಪಿ ಮಾತ್ರೆ ತಗೊಳ್ತೇನೆ. ದಿನಾ ನಾಲ್ಕು ಕಿಲೋಮೀಟರ್ ನಡೀತೇನೆ. ಮಗ ಮುಖ ಪೂರ್ತಿ ಮುಚ್ಚುವ ಮಾಸ್ಕ್ ಆನ್‌ಲೈನಲ್ಲಿ ತರಿಸಿದ್ದಾನೆ, ಮೂಗಿನಿಂದಲೂ ಉಸಿರಾಡಬಹುದಂತೆ. (ಶಿವಮೊಗ್ಗ)

ಉತ್ತರ: ಕಯಾಕಿಂಗ್‌ಗೆ, ಹೊಳೆಯಲ್ಲಿ, ಬನ್ನಿ ಸರ್. ಸ್ನಾರ್ಕೆಲಿಂಗ್‌ಗೆ ಮೊದಲು ನಿಮ್ಮ ಡಾಕ್ಟರನ್ನು ಕೇಳಿ. ತೇಲುತ್ತಾ ಮೀನು ನೋಡುವುದು ಆರಾಮ ಅನ್ನಿಸುತ್ತದೆ. ಆದರೆ ಮೈ ನೀರಿನಲ್ಲಿದ್ದಾಗ ಕೈಕಾಲಿನ ರಕ್ತ ಎದೆಯ ಕಡೆಗೆ ಸರಿಯುತ್ತದೆ, ಕೊಳವೆಯಲ್ಲಿ ಗಾಳಿ ಎಳೆಯುವುದಕ್ಕೂ ಶ್ರಮ ಬೇಕು. ಹೃದಯಕ್ಕೆ ಎರಡೂ ಹೊರೆಯೇ. ನೀರಿನಲ್ಲಿ ದಮ್ಮು ಕಟ್ಟಿದ ಹಾಗೆ ಆದರೆ "ಸ್ವಲ್ಪ ತಡೆಯೋಣ" ಅನ್ನಬೇಡಿ. ಕೊಳವೆ ತೆಗೆದು, ಬೆನ್ನ ಮೇಲೆ ತೇಲಿ, ಕೈ ಎತ್ತಿ.

ಆ ಮಾಸ್ಕ್ ಮನೆಯಲ್ಲೇ ಇರಲಿ. ನೀರು ನುಗ್ಗಿದರೆ ಅಥವಾ ಉಸಿರು ಸಿಕ್ಕದಿದ್ದರೆ ಬಾಯಿಂದ ಕೊಳವೆ ಉಗುಳಿದಷ್ಟು ಬೇಗ ಅದನ್ನು ಬಿಚ್ಚಲಾಗುವುದಿಲ್ಲ. ಕಳಪೆ ಮಾಡೆಲುಗಳಲ್ಲಿ ಬಿಟ್ಟ ಗಾಳಿ ಒಳಗೇ ಸುತ್ತುತ್ತದೆ. ನನ್ನ ದೋಣಿಗೆ ಅದನ್ನು ತರಬೇಡಿ ಅಂತ ನಾನು ಹೇಳುತ್ತೇನೆ, ಕೆಲವರಿಗೆ ಬೇಜಾರಾಗುತ್ತದೆ.

ಪ್ರಶ್ನೆ: ಸ್ಕೂಬಾ ಮಾಡಿದ ದಿನವೇ ಘಟ್ಟ ಹತ್ತಬಾರದು ಅಂತಾರೆ. ಸ್ನಾರ್ಕೆಲಿಂಗ್‌ಗೂ ಹಾಗೇನಾ? ರಾತ್ರಿ ಬಸ್ಸಿಗೆ ಟಿಕೆಟ್ ಆಗಿದೆ. (ಮೈಸೂರು)

ಉತ್ತರ: ಇಲ್ಲ, ಆರಾಮಾಗಿ ಹತ್ತಿ. ಸ್ನಾರ್ಕೆಲಿಂಗ್‌ನಲ್ಲಿ ನೀವು ಉಸಿರಾಡುವುದು ನೀರಿನ ಮೇಲಿನ ಗಾಳಿಯನ್ನೇ. ಸ್ಕೂಬಾದಲ್ಲಿ ಆಳಕ್ಕೆ ಮುಳುಗಿ ಸಿಲಿಂಡರಿನಿಂದ ಒತ್ತಡದ ಗಾಳಿ ಎಳೆಯುವುದರಿಂದ ಸಾರಜನಕ ಮೈಯಲ್ಲಿ ಕರಗಿ ಕೂರುತ್ತದೆ, ಎತ್ತರಕ್ಕೆ ಹೋದರೆ ಗುಳ್ಳೆಯಾಗಬಹುದು. ವಿಮಾನಕ್ಕಾದರೆ ಒಂದು ಡೈವ್ ಆದ ಮೇಲೆ ಕನಿಷ್ಠ 12 ಗಂಟೆ, ಹಲವು ಡೈವ್ ಆದರೆ 18 ಗಂಟೆ ಬಿಡಬೇಕು. ಘಟ್ಟ ವಿಮಾನದಷ್ಟು ಎತ್ತರ ಅಲ್ಲ, ಆದರೂ ಸ್ಕೂಬಾ ಮಾಡಿದವರು ಒಂದು ರಾತ್ರಿ ಕೆಳಗೇ ಉಳಿಯಿರಿ.

ಪ್ರಶ್ನೆ: ಮುಟ್ಟಿನ ದಿನ ಬಂದರೆ ನೀರಿಗೆ ಇಳಿಯಬಹುದಾ? ಶಾರ್ಕ್ ಬರುತ್ತೆ ಅಂತ ಗೆಳತಿ ಹೆದರಿಸಿದಳು. (ಹೆಸರು ಬೇಡ)

ಉತ್ತರ: ಇಳಿಯಬಹುದು. ಮುಟ್ಟಿನ ಕಾರಣಕ್ಕೆ ಶಾರ್ಕ್ ಬರುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ನೇತ್ರಾಣಿಯಲ್ಲಿ ಸಣ್ಣ ಶಾರ್ಕ್ ಕಾಣುವುದುಂಟು, ನಿಮ್ಮನ್ನು ಕಂಡರೆ ಅದೇ ದೂರ ಹೋಗುತ್ತದೆ. ಕಪ್ ಅಥವಾ ಟ್ಯಾಂಪೂನ್ ಬಳಸುವ ಅಭ್ಯಾಸ ಇದ್ದರೆ ಸರಿ. ಪ್ಯಾಡ್ ಮಾತ್ರ ನೀರು ಕುಡಿದು ಉಬ್ಬುತ್ತದೆ, ಕೆಲಸಕ್ಕೆ ಬಾರದು.

ಪ್ರಶ್ನೆ: ಎಲ್ಲರೂ "ಸೇಫ್ ಸರ್" ಅಂತಾರೆ. ಒಳ್ಳೆಯ ಗೈಡ್ ಅಂತ ಫೋನಿನಲ್ಲೇ ತಿಳಿಯುವುದು ಹೇಗೆ? (ಹುಬ್ಬಳ್ಳಿ)

ಉತ್ತರ: ರೇಟು ಕೇಳುವ ಮೊದಲು ಒಬ್ಬ ಗೈಡಿಗೆ ಎಷ್ಟು ಜನ ಅಂತ ಕೇಳಿ. ಹೊಸಬರಾದರೆ ನಾಲ್ಕೈದಕ್ಕಿಂತ ಜಾಸ್ತಿ ಬೇಡ. ನಾವು ನೀರಿನಲ್ಲಿರುವಾಗ ಗೈಡ್ ಎಲ್ಲಿರುತ್ತಾರೆ ಅಂತ ಕೇಳಿ. "ದೋಣಿಯಿಂದ ನೋಡ್ತಾ ಇರ್ತೇವೆ" ಅಂದರೆ ಸಾಲದು, ಅವರೂ ನೀರಿನಲ್ಲಿರಬೇಕು. ಅವರು ನಿಮ್ಮ ವಯಸ್ಸು, ಕಾಯಿಲೆ, ಈಜಿನ ಬಗ್ಗೆ ಏನನ್ನೂ ಕೇಳದೆ ಮುಂಗಡ ಹಣ ಮಾತ್ರ ಕೇಳಿದರೆ ಅಲ್ಲಿಗೇ ಬಿಡಿ.

ಕೊನೆಗೆ ಇದನ್ನು ಕೇಳಿ: "ಅವತ್ತು ಗಾಳಿ ಜೋರಿದ್ದರೆ?" ನೇತ್ರಾಣಿಗೆ ಹೋಗುವುದು ಹೆಚ್ಚುಕಡಿಮೆ ಅಕ್ಟೋಬರ್‌ನಿಂದ ಮೇ ತನಕ. ನೀರು ತಿಳಿಯಾಗಿರುವುದು ಡಿಸೆಂಬರ್, ಜನವರಿಯಲ್ಲಿ. ಜೂನ್, ಜುಲೈನಲ್ಲಿ ನಮ್ಮ ಮೀನುಗಾರರ ಯಾಂತ್ರಿಕ ದೋಣಿಗಳೇ ದಡದಲ್ಲಿರುತ್ತವೆ. ಆದರೆ ಸೀಸನ್ ನಡುವೆಯೂ ಕೆಟ್ಟ ದಿನ ಬರುತ್ತದೆ. "ಬೆಳಿಗ್ಗೆ ಸಮುದ್ರ ನೋಡಿ ಹೇಳ್ತೇವೆ, ಆಗದಿದ್ದರೆ ಹಣ ವಾಪಸ್" ಅಂದರೆ ಬುಕ್ ಮಾಡಿ. "ನೂರಕ್ಕೆ ನೂರು ಕರ್ಕೊಂಡು ಹೋಗೇ ಹೋಗ್ತೇವೆ" ಅಂದರೆ ಬೇರೆ ನಂಬರ್ ನೋಡಿ. ರೈಲಿನ ವಾಪಸ್ ಟಿಕೆಟನ್ನು ಒಂದು ದಿನ ಕೈಯಲ್ಲಿಟ್ಟುಕೊಂಡೇ ಮಾಡಿಸಿ. ಗಾಳಿ ಬಿಡದಿದ್ದರೆ ಆ ದಿನ ಮತ್ತೆ ಶರಾವತಿಗೆ ಬನ್ನಿ, ಕಾಂಡ್ಲಾದ ನಡುವೆ ಇನ್ನೊಂದು ಕವಲು ತೋರಿಸುತ್ತೇನೆ.