ಜೀನ್ ಹಾಕಿದ್ರೂ ಹಾಲಿನ್ಯಾಗ ಔಷಧಿ ಯಾಕ ಬರಂಗಿಲ್ಲ?

ಪ್ರಶ್ನೆ: ಆಡಿನ ಹಾಲಿನ್ಯಾಗ ಮನುಷ್ಯರ ಔಷಧಿ ತೆಗೀತಾರಂತ ಮಗಳು ಬಿಎಸ್ಸಿ ಪುಸ್ತಕದಾಗ ಓದಿ ಹೇಳಿದ್ಲು. ಆದ್ರ ಜೀನ್ ಹಾಕಿದ್ರೂ ಎಷ್ಟೋ ಪ್ರಾಣಿಗಳ ಹಾಲಿನ್ಯಾಗ ಏನೂ ಬರಂಗಿಲ್ಲಂತ, ಯಾಕ್ರೀ? ಜಾಸ್ತಿ ಜೀನ್ ಹಾಕಿದ್ರ ಆಗಂಗಿಲ್ಲೇನು? ನಮ್ಮ ಕೆಂಗುರಿಗೂ ಹಾಕ್ಬಹುದಾ?
– ಓದುಗರೊಬ್ಬರು, ಸಿಂಧನೂರು ತಾಲೂಕು

ಉತ್ತರ: ಸಿಂಧನೂರಿನವ್ರಿಗೆ ಇದನ್ನ ಕಾಲುವಿ ಲೆಕ್ಕದಾಗ ಹೇಳಿದ್ರ ಲಗೂನ ತಿಳೀತದ ನೋಡ್ರಿ. ಅದೇ ಸೋನಾ ಮಸೂರಿ ಬೀಜ, ಎಡದಂಡಿ ಕಾಲುವಿ ಮ್ಯಾಲಿನ ಹೊಲದಾಗ ಬೆಳೀತದ, ಕಾಲುವಿ ಕೊನಿಯ ಟೇಲೆಂಡ್‌ನ್ಯಾಗ ಹಾಕಿದವ್ರು ನೀರಿನ ದಾರಿ ಕಾಯ್ಕೋತ ಕೂಡ್ಬೇಕು. ಭ್ರೂಣಕ್ಕ ಸೂಜಿಲೆ ಚುಚ್ಚಿದ ಜೀನ್ ಕ್ರೋಮೋಸೋಮ್‌ನ್ಯಾಗ (ಡಿಎನ್‌ಎ ಸುತ್ತಿಟ್ಟ ಎಳಿಯಾಗ) ಎಲ್ಲಿ ಹೋಗಿ ಕೂಡ್ತದೋ ನಮ್ಮ ಕೈಯಾಗಿಲ್ಲ, ಬಿಗಿದು ಸುತ್ತಿಟ್ಟ ಜಾಗದಾಗ ಬಿತ್ತಂದ್ರ ಹತ್ತು ಕಾಪಿ ಇದ್ರೂ ಸುಮ್ನ ಬಿದ್ದಿರ್ತದ, ಒಂದರ ಹಿಂದ ಒಂದು ಸಾಲಾಗಿ ಕುಂತ ಕಾಪಿಗಳ ಬಾಯಿ ಜೀವಕೋಶನೇ ಮುಚ್ಚಿಸಿಬಿಡೋದೂ ಉಂಟು. ಜಾಸ್ತಿ ಹಾಕಿದ್ರ ಜಾಸ್ತಿ ಅನ್ನೋದು ಯೂರಿಯಾ ಲೆಕ್ಕ, ಯೂರಿಯಾಕ್ಕೂ ಅದು ಸರಿ ಇಲ್ಲ ಬಿಡ್ರಿ.

ಕಾಲುವಿಗೆ ಗೇಟ್ ಇದ್ದಂಗ ಜೀನಿಗೆ ಪ್ರೊಮೋಟರ್ ಅನ್ನೋ ಡಿಎನ್‌ಎ ತುಂಡು. ಕೆಚ್ಚಲದಾಗ ಮಾತ್ರ, ಅದೂ ಪ್ರೊಲ್ಯಾಕ್ಟಿನ್ ಹಾರ್ಮೋನ್ ಏರಿ ಹಾಲು ಇಳಿಯೋ ಟೈಮಿಗೆ ತೆರೆಯೋ ಗೇಟ್ ಬೇಕು, ಅದಕ್ಕ ಹಾಲಿನ ಪ್ರೋಟೀನ್ ಮಾಡೋ ಜೀನಿನ ಗೇಟೇ ತಗೊಂಡು, ಕೇಸಿನ್ ಜೀನಿಂದು ಇಲ್ಲಾ ಕುರಿಯ ಬೀಟಾ-ಲ್ಯಾಕ್ಟೋಗ್ಲೋಬ್ಯುಲಿನ್ ಜೀನಿಂದು ಜೋಡಸ್ತಾರ.

ನನಗ ಭಾಳ ಮಜಾ ಅನ್ಸಿದ್ದು ಇಂಟ್ರಾನ್, ಅಂದ್ರ ಜೀನಿನ ನಡುನಡುವ ಬರೋ ತುಂಡಿನ ಸುದ್ದಿ. ಪ್ರೋಟೀನ್ ಮಾಡಾಕ ಬ್ಯಾಡಾದ ತುಂಡಂತ ಅದನ್ನ ಕತ್ತರಿಸಿ ಬರೇ ಸಿಡಿಎನ್‌ಎ, ಅಂದ್ರ ಇಂಟ್ರಾನ್ ಇಲ್ಲದ ಜೀನ್ ನಕಲು ಹಾಕಿದ್ರು, ರಕ್ತ ಹೆಪ್ಪುಗಟ್ಟಸೋ ಫ್ಯಾಕ್ಟರ್-9 ಕುರಿ ಹಾಲಿನ್ಯಾಗ ನಾಮಕಾವಾಸ್ತೆ ಬಂತು. ಒಂದಿಷ್ಟು ಇಂಟ್ರಾನ್ ಉಳಿಸಿ, ಶ್ವಾಸಕೋಶ ಕಾಯೋ ಪ್ರೋಟೀನ್ ಆದ ಆಲ್ಫಾ-1-ಆಂಟಿಟ್ರಿಪ್ಸಿನ್ ಜೀನ್ ಹಾಕಿದ ಟ್ರೇಸಿ ಅನ್ನೋ ಕುರಿ, ಸ್ಕಾಟ್ಲೆಂಡ್‌ನ್ಯಾಗ 1990ರಾಗ ಹುಟ್ಟಿದ್ದು, ಲೀಟರ್ ಹಾಲಿಗೆ ಸುಮಾರು 35 ಗ್ರಾಂ ಕೊಡ್ತು! ಕಸ ಅಂತ ಬಿಸಾಕಿದ್ದೇ ಕೆಲಸದ್ದಿತ್ತು.

ಆಜೂಬಾಜೂ ಡಿಎನ್‌ಎ ಕಾಟ ತಪ್ಪಸಾಕ ಜೀನಿನ ಎರಡೂ ಕಡೆ ಇನ್ಸುಲೇಟರ್ ಅನ್ನೋ ಡಿಎನ್‌ಎ ತುಂಡು ಇಡ್ತಾರ, ಹೊಲಕ್ಕ ಬದು ಹಾಕ್ದಂಗ. ಈಗಂತೂ ಡಿಎನ್‌ಎ ಬೇಕಾದ ಜಾಗದಾಗೇ ಕತ್ತರಸೋ ಕ್ರಿಸ್ಪರ್ ಬಂದದ, ಸೀದಾ ಕೇಸಿನ್ ಜೀನ್ ಇರೋ ಜಾಗಕ್ಕೇ ಕೂಡಸ್ಬಹುದು, ಅಂದ್ರ ಕಾಲುವಿ ಹೆಡ್‌ನ್ಯಾಗೇ ಹೊಲ ಹಿಡ್ದಂಗ.

ಔಷಧಿ ಆಗೇ ಅದ. ಆಡಿನ ಹಾಲಿಂದ ತೆಗೆದ, ರಕ್ತ ಹೆಪ್ಪುಗಟ್ಟೋದು ತಡೆಯೋ ಆಂಟಿಥ್ರಾಂಬಿನ್‌ಗೆ ಯುರೋಪ್ 2006ರಾಗ, ಅಮೆರಿಕ 2009ರಾಗ ಒಪ್ಪಿಗಿ ಕೊಟ್ವು.

ಕೆಂಗುರಿಗೆ ಮಾತ್ರ ಬ್ಯಾಡ್ರಿ. ಅದು ಮಾಂಸದ ತಳಿ, ಇರೋ ಹಾಲು ಮರಿ ಕುಡೀಲಿ, ಮ್ಯಾಲ ಇಂಥ ಕೆಲಸಕ್ಕ 1989ರ ಕೇಂದ್ರದ ನಿಯಮದ ಪ್ರಕಾರ ಪರ್ಮಿಷನ್ ಬೇಕು, ದೊಡ್ಡಿಯಾಗ ಮಾಡೋ ಕೆಲಸ ಅಲ್ಲ ಅದು.